ಕಲ್ಲು ಹೋಯಿತು, ಕಂದಕ ಉಳಿಯಿತು: ಫಾದರಿಂಗ್‌ಹೇ ಕೋಟೆಯ ಬಗ್ಗೆ ಓದುಗರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾವು ಆರು ವರ್ಷಗಳಿಂದ ಇಂಗ್ಲೆಂಡಿನ ಪೀಟರ್‌ಬರೋದಲ್ಲಿದ್ದೇವೆ. ಊರಿನಿಂದ ಬಂದಿದ್ದ ನನ್ನ ತಂದೆ ಪ್ರೌಢಶಾಲೆಯಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತರಾದವರು. ಸ್ಕಾಟ್ಲೆಂಡಿನ ರಾಣಿ ಮೇರಿಯ ತಲೆ ಕಡಿದ ಫಾದರಿಂಗ್‌ಹೇ ಕೋಟೆಯನ್ನು ನೋಡಲೇಬೇಕೆಂದು ಹಟ ಹಿಡಿದರು. ಹೋಗಿ ನೋಡಿದರೆ ಹುಲ್ಲು ಬೆಳೆದ ಒಂದು ದಿಬ್ಬ, ಹೊಳೆಯ ಪಕ್ಕ ಬೇಲಿಯೊಳಗೆ ಒಂದು ಕಲ್ಲಿನ ಗಡ್ಡೆ, ಅಷ್ಟೇ. ಮೇರಿಯ ಮಗ ಜೇಮ್ಸ್ ತಾಯಿಯ ಸಾವಿನ ಸೇಡಿಗಾಗಿ ಕೋಟೆಯನ್ನು ನೆಲಸಮ ಮಾಡಿಸಿದನೆಂದು ಅಲ್ಲಿ ಸಿಕ್ಕಿದವರೊಬ್ಬರು ಹೇಳಿದರು. ನಿಜವೇ? ಕಂದಕ ಎನ್ನುವ ಕಡೆ ನೀರೇ ಇಲ್ಲ. ಹಿಂದೆ ಇತ್ತೇ? ಮೊಸಳೆ ಬಿಟ್ಟಿದ್ದರೇ ಎಂದು ಮಗಳು ಕೇಳುತ್ತಾಳೆ. ಅವಳ ಶಾಲೆಗಾಗಿ ಕೋಟೆಯ ಮಾದರಿ ಮಾಡಬೇಕಿದೆ. ತಂದೆ ಬರೆದ ನಕ್ಷೆಯನ್ನು ಕಳಿಸಿದ್ದೇನೆ. ಇನ್ನು ನನ್ನ ಪತಿ ಲೋಹಶೋಧಕ ಕೊಂಡಿದ್ದಾರೆ, ಅದನ್ನು ಅಲ್ಲಿಗೆ ಒಯ್ಯುವ ಯೋಚನೆಯಲ್ಲಿದ್ದಾರೆ. ಪರಿಚಯದವರೊಬ್ಬರು ಮೇರಿಯ ತಲೆ ಕಡಿದ ಮರದ ದಿಮ್ಮಿಯ ತುಂಡು ಎಂದು ಏನನ್ನೋ ಮಾರಲು ಬಂದಿದ್ದಾರೆ. ಏನು ಮಾಡಲಿ?

ಉತ್ತರ:

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದರಲ್ಲಿ ನಿಮ್ಮ ಹಣದ ವಿಷಯವಿದೆ. ಕೊಳ್ಳಬೇಡಿ. 1587ರ ಫೆಬ್ರುವರಿ 8ರಂದು ಮೇರಿಯ ಶಿರಚ್ಛೇದವಾದ ಮೇಲೆ, ರಕ್ತ ತಗುಲಿದ ಬಟ್ಟೆಬರೆ, ದಿಮ್ಮಿ ಎಲ್ಲವನ್ನೂ ಸುಟ್ಟುಹಾಕಿದರು ಅಥವಾ ತೊಳೆದರು. ಕ್ಯಾಥೊಲಿಕರು ಅವನ್ನು ಹುತಾತ್ಮೆಯ ಅವಶೇಷಗಳೆಂದು ಪೂಜಿಸಬಾರದು ಎಂಬುದು ಇಂಗ್ಲೆಂಡಿನ ರಾಣಿ ಎಲಿಜಬೆತ್‌ಳ ಅಧಿಕಾರಿಗಳ ಎಚ್ಚರಿಕೆ. ಅಂದು ಬೂದಿಯಾದದ್ದರ ತುಂಡು ಇಂದು ಮಾರಾಟಕ್ಕಿದೆ ಎಂದರೆ ನಂಬುವುದು ಕಷ್ಟ. ಮಾರಲು ಬಂದವರು ಮೋಸಗಾರರೇ ಆಗಿರಬೇಕೆಂದಿಲ್ಲ. ಅವರಿಗೂ ಯಾರೋ ಹಾಗೆಯೇ ಹೇಳಿ ಮಾರಿರಬಹುದು.

ಈಗ ಆ ದಿಬ್ಬಕ್ಕೆ ಬರೋಣ. ನಿಮ್ಮ ತಂದೆಯವರ ನಿರಾಶೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಚಿತ್ರದುರ್ಗದ ಕೋಟೆಯನ್ನು ನೋಡಿ ಬೆಳೆದ ಕಣ್ಣಿಗೆ ಫಾದರಿಂಗ್‌ಹೇ ಏನೂ ಅಲ್ಲ. ಆದರೆ ಕೋಟೆಗಳ ಮಣ್ಣಿನ ಕುರುಹುಗಳನ್ನು ಅಳೆದು ನಕ್ಷೆ ಮಾಡುವುದನ್ನೇ ಕಸುಬು ಮಾಡಿಕೊಂಡಿರುವ ನನ್ನಂಥವರಿಗೆ ಅದು ಖಾಲಿ ಹೊಲವಲ್ಲ. ಗೋಡೆಯ ಕಲ್ಲನ್ನು ಯಾರು ಬೇಕಾದರೂ ಗಾಡಿಗೆ ತುಂಬಿ ಒಯ್ಯಬಹುದು. ಗುಂಡಿಯನ್ನು ಒಯ್ಯಲಾಗುವುದಿಲ್ಲ. ಅದನ್ನು ಮುಚ್ಚಬೇಕೆಂದರೆ ಅಗೆದಷ್ಟೇ ಶ್ರಮ, ಅಷ್ಟೇ ಖರ್ಚು. ಹೊಲದಲ್ಲಿ ಕುರಿ ಮೇಯಿಸುವವನಿಗೆ ಅದರ ಅಗತ್ಯವೂ ಇರಲಿಲ್ಲ. ಬೆಂಗಳೂರಿನಂಥ ಊರಿನಲ್ಲಿ ನೆಲಕ್ಕೆ ಬೆಲೆ ಬಂದು ಕೋಟೆಯ ಕಂದಕ ಮುಚ್ಚಿಹೋಯಿತು. ಫಾದರಿಂಗ್‌ಹೇಯಲ್ಲಿ ಬೆಲೆ ಇದ್ದದ್ದು ಕಲ್ಲಿಗೆ, ನೆಲಕ್ಕಲ್ಲ. ಹಾಗಾಗಿ ಕಲ್ಲು ಹೋಗಿ ಕಂದಕದ ಗೆರೆ ಉಳಿಯಿತು.

ಸೇಡಿನ ಕಥೆ ಇಂಗ್ಲೆಂಡಿನಲ್ಲಿ ಬಹಳ ಹಳೆಯದು, ಕೇಳಲು ಸೊಗಸಾಗಿಯೂ ಇದೆ. ತಾಯಿಯನ್ನು ಕೊಂದ ಮನೆಯನ್ನು ಮಗ ಕಲ್ಲಿನ ಮೇಲೆ ಕಲ್ಲು ಉಳಿಯದಂತೆ ಕೆಡವಿಸಿದ ಎಂದರೆ ಯಾರಿಗೆ ಹಿಡಿಸದು? ಆದರೆ ದಾಖಲೆ ಬೇರೆಯೇ ಹೇಳುತ್ತದೆ. ಜೇಮ್ಸ್ ಇಂಗ್ಲೆಂಡಿನ ಸಿಂಹಾಸನ ಏರಿದ್ದು 1603ರಲ್ಲಿ. ಆ ವರ್ಷ ಅವನು ಈ ಕೋಟೆಯನ್ನು ಕೆಡವಿಸಲಿಲ್ಲ, ಲಾರ್ಡ್ ಮೌಂಟ್‌ಜಾಯ್ ಎಂಬ ತನ್ನ ಸರದಾರನಿಗೆ ಕೊಟ್ಟುಬಿಟ್ಟ. ಜೇಮ್ಸ್ ತೀರಿಕೊಂಡದ್ದು 1625ರ ಮಾರ್ಚ್ ಕೊನೆಯಲ್ಲಿ. ಅದಾದ ಕೆಲವೇ ದಿನಗಳಿಗೆ, ಏಪ್ರಿಲ್‌ನಲ್ಲಿ, ಕೋಟೆಯ ಮೋಜಣಿ ನಡೆಯಿತು. ಅದರಲ್ಲಿ ಕೋಟೆ ಗಟ್ಟಿಯಾಗಿದೆ, ಕಲ್ಲಿನದು, ಸುತ್ತ ಜೋಡಿ ಕಂದಕವಿದೆ, ಹಜಾರ ಬಹು ವಿಶಾಲವಾಗಿದೆ ಎಂದು ಬರೆದಿದ್ದಾರೆ. ಅಂದರೆ ಸೇಡು ತೀರಿಸಿಕೊಳ್ಳಬೇಕಿದ್ದವನು ಸತ್ತ ಮೇಲೂ ಕೋಟೆ ನಿಂತೇ ಇತ್ತು.

ಹಾಗಾದರೆ ಏಕೆ ಬಿತ್ತು? ಉತ್ತರ ಅದೇ ಮೋಜಣಿಯ ಒಂದು ಸಣ್ಣ ಮಾತಿನಲ್ಲಿದೆ. ದಿಬ್ಬದ ಮೇಲಿನ ಗೋಪುರದ ಕೋಣೆಗಳು ಸ್ವಲ್ಪ ಶಿಥಿಲವಾಗಿವೆ, ಮೇಲಿನ ಸೀಸದ ಹೊದಿಕೆಯೂ ಹಾಗೆಯೇ ಎಂದು ಬರೆದಿದ್ದಾರೆ. ನಮ್ಮ ಹಳೆಯ ಮನೆಗಳಲ್ಲಿ ಹಂಚು ಸರಿದರೆ ಏನಾಗುತ್ತದೆಂದು ನಿಮ್ಮ ತಂದೆಯವರಿಗೆ ಗೊತ್ತು. ಇಲ್ಲಿ ಆದದ್ದೂ ಅದೇ. ಸೀಸದ ಹಾಳೆ ಹಾಳಾದರೆ ನೀರು ಇಳಿಯುತ್ತದೆ, ತೊಲೆ ಕೊಳೆಯುತ್ತದೆ, ಮಾಳಿಗೆ ಕುಸಿಯುತ್ತದೆ. ಆಮೇಲೆ ಗೋಡೆಯನ್ನು ಹಿಡಿದು ನಿಲ್ಲಿಸುವ ಅಡ್ಡ ಆಧಾರವೇ ಇಲ್ಲ. ರಿಪೇರಿಗೆ ಹಣ ಹಾಕುವವರು ಇರಲಿಲ್ಲ, ಏಕೆಂದರೆ ಅಲ್ಲಿ ವಾಸಿಸುವ ಆಸೆಯೇ ಯಾರಿಗೂ ಉಳಿದಿರಲಿಲ್ಲ. ಫಿರಂಗಿ ಬಂದ ಮೇಲೆ ಇಂಥ ಕೋಟೆಯಿಂದ ಯುದ್ಧಕ್ಕೆ ಹೆಚ್ಚು ಉಪಯೋಗವಿಲ್ಲ. ಸಿರಿವಂತರಿಗೆ ದೊಡ್ಡ ಕಿಟಕಿಗಳ, ಬೆಳಕು ತುಂಬಿದ ಮಹಲುಗಳು ಬೇಕಾಗಿದ್ದವು. ಮೇರಿಯ ಸಾವಿಗೆ ಮುಖ್ಯ ಕಾರಣನಾದ ಮಂತ್ರಿ ವಿಲಿಯಂ ಸೆಸಿಲ್ ಹತ್ತಿರದಲ್ಲೇ, ಸ್ಟಾಮ್‌ಫರ್ಡ್ ಬಳಿ, ತನಗಾಗಿ ಕಟ್ಟಿಸುತ್ತಿದ್ದ ಬರ್ಲಿ ಮಹಲು ಮುಗಿದದ್ದೂ 1587ರಲ್ಲೇ. ಒಮ್ಮೆ ಹೋಗಿ ಬನ್ನಿ, ಕಾಲ ಎತ್ತ ತಿರುಗಿತ್ತೆಂದು ಕಣ್ಣಿಗೇ ಕಾಣುತ್ತದೆ.

ಹೀಗೆ ಯಾರಿಗೂ ಬೇಡವಾದ ಕೋಟೆಯಲ್ಲಿ ಎಲ್ಲರಿಗೂ ಬೇಕಾದದ್ದು ಒಂದೇ, ಕೆತ್ತಿ ಸಿದ್ಧವಾದ ಕಲ್ಲು. ಪಕ್ಕದಲ್ಲೇ ನೀನ್ ನದಿ ಇದ್ದುದರಿಂದ ಸಾಗಿಸುವುದೂ ಸುಲಭ. 1630ರ ದಶಕದ ಹೊತ್ತಿಗೆ ಕೋಟೆ ಕಳಚಿಹೋಗುತ್ತಿತ್ತು, ಹದಿನೆಂಟನೆಯ ಶತಮಾನದವರೆಗೂ ಉಳಿದ ಕಲ್ಲು ಒಂದೊಂದು ಕೆಲಸಕ್ಕೆಂದು ಹೋಗುತ್ತಲೇ ಇತ್ತು. ಹತ್ತಿರದ ಔಂಡಲ್ ಪೇಟೆಯ ಟಾಲ್ಬಟ್ ಹೋಟೆಲಿನ ಓಕ್ ಮೆಟ್ಟಿಲು ಈ ಕೋಟೆಯದೇ, ಮೇರಿ ಅದನ್ನೇ ಇಳಿದು ಸಾವಿನತ್ತ ಬಂದಳು ಎಂದು ಊರವರು ಹೇಳುತ್ತಾರೆ. ಕಟ್ಟಡವನ್ನು ಪುನಃ ಕಟ್ಟಿದ್ದು 1626ರಲ್ಲಿ, ಆದ್ದರಿಂದ ಕಾಲವೇನೋ ಹೊಂದುತ್ತದೆ. ಇದು ಊರ ಹೇಳಿಕೆ ಎಂದು ತಿಳಿದೇ ನೋಡಿ. ಅಲ್ಲಿ ಕುಳಿತು ಒಂದು ಕಾಫಿ ಕುಡಿದು ಬಂದರೆ ನಷ್ಟವೇನಿಲ್ಲ.

ಇನ್ನು ನಕ್ಷೆ. ನಿಮ್ಮ ತಂದೆಯವರ ಕೈಬರಹ, ಗೆರೆ ಎರಡೂ ಅಚ್ಚುಕಟ್ಟು. ಮೇಷ್ಟರ ಕೈ ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ಆದರೆ ಅವರು ದಿಬ್ಬದ ನೆತ್ತಿಯ ಮೇಲೆ ಅರಮನೆ ಮತ್ತು ಹಜಾರವನ್ನು ಇಟ್ಟು, ಸುತ್ತ ನಾಲ್ಕು ಮೂಲೆಗೆ ನಾಲ್ಕು ದುಂಡು ಬುರುಜು ಹಾಕಿ, ಅದರ ಸುತ್ತ ವೃತ್ತಾಕಾರವಾಗಿ ಕಂದಕ ಎಳೆದಿದ್ದಾರೆ. ಗಿರಿದುರ್ಗಗಳನ್ನು ಕಂಡ ನಮ್ಮವರೆಲ್ಲ ಹೀಗೆಯೇ ಬರೆಯುತ್ತಾರೆ. ಎತ್ತರದ ಜಾಗ ರಾಜನದು ಎಂಬುದು ನಮ್ಮ ರೂಢಿ. ಫಾದರಿಂಗ್‌ಹೇ ಹಾಗಿರಲಿಲ್ಲ.

ಸುಮಾರು 1100ರಲ್ಲಿ ಸೈಮನ್ ಡಿ ಸೆನ್ಲಿಸ್ ಎಂಬ ನಾರ್ಮನ್ ಸರದಾರ ಇದನ್ನು ಶುರುಮಾಡಿದಾಗ ನಾರ್ಮನರ ಮಾಮೂಲು ಪದ್ಧತಿಯನ್ನೇ ಅನುಸರಿಸಿದ. ಸುತ್ತ ಕಂದಕ ಅಗೆಯುವುದು, ಅಗೆದ ಮಣ್ಣನ್ನು ಒಂದು ಕಡೆ ಪೇರಿಸಿ ದಿಬ್ಬ ಮಾಡುವುದು, ದಿಬ್ಬದ ಪಕ್ಕದಲ್ಲಿ ಬೇಲಿ ಹಾಕಿದ ಅಂಗಳ ಮಾಡಿಕೊಳ್ಳುವುದು. ಕಂದಕ ಬೇರೆ, ದಿಬ್ಬ ಬೇರೆ ಅಲ್ಲ. ಒಂದರ ಹೊಟ್ಟೆಯಿಂದ ತೆಗೆದದ್ದೇ ಇನ್ನೊಂದರ ಮೈ. ದಿಬ್ಬವಿರುವುದು ಕೋಟೆಯ ವಾಯವ್ಯ ಮೂಲೆಯಲ್ಲಿ, ಈಗಲೂ ಸುಮಾರು 7 ಮೀಟರ್ ಎತ್ತರವಿದೆ. ಬದುಕು ನಡೆದದ್ದು ಕೆಳಗಿನ ಒಳ ಅಂಗಳದಲ್ಲಿ. ಹಜಾರ, ಪ್ರಾರ್ಥನಾ ಮಂದಿರ, ಅಡುಗೆಮನೆ, ಮಲಗುವ ಕೋಣೆಗಳು ಎಲ್ಲವೂ ಅಲ್ಲೇ. ಪೂರ್ವಕ್ಕೆ ಹೊರ ಅಂಗಳ. ದಕ್ಷಿಣಕ್ಕೆ ನದಿಯೇ ಅಗಳಿನ ಕೆಲಸ ಮಾಡುತ್ತಿತ್ತು, ಉಳಿದ ಕಡೆ ಅಗೆದ ಕಂದಕ.

ಈ ಕೋಟೆಯ ಬಗ್ಗೆ ನಮ್ಮ ಕೈಲಿರುವ ಎರಡು ಒಳ್ಳೆಯ ಸಾಕ್ಷಿಗಳ ನಡುವೆ ಸುಮಾರು ಮುನ್ನೂರು ವರ್ಷಗಳ ಅಂತರವಿದೆ. ಮೊದಲನೆಯದು ಹದಿನಾಲ್ಕನೆಯ ಶತಮಾನದ ನಡುವಿನದು, ಪೆಂಬ್ರೋಕ್‌ನ ಕೌಂಟೆಸ್ ಮೇರಿ ಡಿ ಸೇಂಟ್ ಪಾಲ್ ಇದರ ಒಡತಿಯಾಗಿದ್ದ ಕಾಲದ್ದು. ಆಗ ಕೋಟೆ ಕಲ್ಲಿನದಾಗಿತ್ತು. ಒಂದು ದೊಡ್ಡ ಗೋಪುರ, ಎರಡು ಪ್ರಾರ್ಥನಾ ಮಂದಿರ, ದೊಡ್ಡ ಹಜಾರ, ಕೋಣೆಗಳು, ಅಡುಗೆಮನೆ, ಬಾಗಿಲ ಮೇಲೊಂದು ಕೋಣೆ, ಅದರ ಕೆಳಗೆ ಎತ್ತುವ ಸೇತುವೆ, ಸುತ್ತ ಒಳ್ಳೆಯ ಕಂದಕ. ಇಡೀ ಜಾಗ 10 ಎಕರೆ. ಎರಡನೆಯದು ಆಗಲೇ ಹೇಳಿದ 1625ರ ಮೋಜಣಿ. ಅದನ್ನು ಓದಿದರೆ ಯಾರೋ ನಿಮ್ಮ ಕೈ ಹಿಡಿದು ಕೋಟೆಯೊಳಗೆ ಸುತ್ತಿಸಿದಂತೆ ಇದೆ. ಎತ್ತುವ ಸೇತುವೆ ದಾಟಿ ಬಾಗಿಲಿಗೆ ಬಂದ ಕೂಡಲೇ ಮೆಟ್ಟಿಲು, ಅದು ಒಳ್ಳೆಯ ಕೋಣೆಗಳಿಗೆ ಏರುತ್ತದೆ. ಇನ್ನೂ ಮೇಲೆ ಹೋದರೆ ಬಟ್ಟೆಬರೆಯ ಉಗ್ರಾಣ, ಅಲ್ಲಿಂದ ದಿಬ್ಬದ ತುದಿಯ ಗೋಪುರ. ಆ ಗೋಪುರ ಎಂಟು ಅಥವಾ ಹದಿನಾರು ಮೂಲೆಗಳದ್ದು ಎಂದು ಬರೆದಿದ್ದಾರೆ. ಮೋಜಣಿದಾರ ಎಣಿಸಲು ಬೇಸರಪಟ್ಟನೋ ಏನೋ! ಮತ್ತೆ ಕೆಳಗಿಳಿದು ಹಜಾರದ ಕಡೆ ನಡೆದರೆ ನಡುವೆ ಸುಂದರವಾದ ಅಂಗಳ. ಎಡಕ್ಕೆ ಪ್ರಾರ್ಥನಾ ಮಂದಿರ, ಒಳ್ಳೆಯ ವಸತಿಗಳು, ದೊಡ್ಡ ಊಟದ ಕೋಣೆ, ಚಿತ್ರಪಟಗಳಿಂದ ತುಂಬಿದ ಇನ್ನೊಂದು ಕೋಣೆ.

ದಿಬ್ಬದ ಗೋಪುರಕ್ಕೆ ಅವರು ಬಳಸಿದ ಹೆಸರು ಫೆಟರ್‌ಲಾಕ್. ಕುದುರೆಯ ಕಾಲಿಗೆ ಹಾಕುವ ಬೀಗದ ಸಂಕೋಲೆಗೆ ಹಾಗೆನ್ನುತ್ತಾರೆ. ಗಿಡುಗ ಮತ್ತು ಈ ಸಂಕೋಲೆ ಯಾರ್ಕ್ ಮನೆತನದ ಲಾಂಛನ. 1377ರಲ್ಲಿ ಈ ಕೋಟೆ ಮೂರನೆಯ ಎಡ್ವರ್ಡ್‌ನ ಮಗ ಎಡ್ಮಂಡ್ ಆಫ್ ಲ್ಯಾಂಗ್ಲಿಗೆ ಸಿಕ್ಕಿತು, ಅವನಿಂದ ಮುಂದೆ ಬೆಳೆದದ್ದೇ ಯಾರ್ಕ್ ವಂಶ. ಹಳೆಯ ಕೋಟೆಯನ್ನು ರಿಪೇರಿ ಮಾಡಿ ಅರಮನೆಯ ಮಟ್ಟಕ್ಕೆ ತಂದವರು ಅವರೇ. 1452ರಲ್ಲಿ ಮೂರನೆಯ ರಿಚರ್ಡ್ ಹುಟ್ಟಿದ್ದು ಇಲ್ಲಿ. 2012ರಲ್ಲಿ ಲೆಸ್ಟರ್‌ನ ಕಾರ್ ನಿಲ್ದಾಣದಡಿ ಅಸ್ಥಿಪಂಜರ ಸಿಕ್ಕಿತಲ್ಲ, ಅದೇ ರಾಜ. ತಂದೆಯವರಿಗೆ ಆ ಲಾಂಛನ ನೋಡಬೇಕೆನಿಸಿದರೆ ಊರಿನ ಚರ್ಚಿನ ಎಂಟು ಮುಖದ ಗೋಪುರದ ತುದಿಯನ್ನು ನೋಡಲಿ. ಸಂಕೋಲೆಯೊಳಗೆ ಕುಳಿತ ಗಿಡುಗ ಅಲ್ಲಿ ಇಂದಿಗೂ ಇದೆ.

ಮೇಷ್ಟರಿಗೆಂದೇ ಇನ್ನೊಂದು ಮಾತು. ಕೋಟೆ ಕಟ್ಟಿದ ಸೈಮನ್ ಸತ್ತ ಮೇಲೆ ಅವನ ವಿಧವೆ ಮಾಡ್, 1113ರಲ್ಲಿ ಸ್ಕಾಟ್ಲೆಂಡಿನ ರಾಜಕುಮಾರ ಡೇವಿಡ್‌ನನ್ನು ಮದುವೆಯಾದಳು. ಅವನು ಮುಂದೆ ರಾಜನೂ ಆದ, ಕೋಟೆ ಸ್ಕಾಟಿಷ್ ರಾಜಮನೆತನದ ಕೈಗೆ ಹೋಯಿತು. ಮೇರಿ ಅದೇ ಡೇವಿಡ್‌ನ ಸಂತತಿ. ಇನ್ನೊಂದು ಕಡೆಯಿಂದ, ಮುತ್ತಜ್ಜಿ ಯಾರ್ಕ್‌ನ ಎಲಿಜಬೆತ್ ಮೂಲಕ, ಲ್ಯಾಂಗ್ಲಿಯ ಸಂತತಿಯೂ ಹೌದು. ಅವಳನ್ನು ಕೊಂದದ್ದು ಅವಳದೇ ಹಿರಿಯರ ಮನೆಯಲ್ಲಿ, ಎರಡೂ ಕಡೆಯ ಹಿರಿಯರ ಮನೆಯಲ್ಲಿ. ಸೇಡಿನ ಕಥೆಗಿಂತ ಈ ಕಥೆ ನನಗೆ ಹೆಚ್ಚು ತಟ್ಟುತ್ತದೆ, ಇದು ನಿಜವೂ ಹೌದು.

ಮಗಳ ಪ್ರಶ್ನೆಗೆ: ಮೊಸಳೆ ಇರಲಿಲ್ಲ ಪುಟ್ಟಾ. ಕಾವೇರಿಯಲ್ಲಿ ಮೊಸಳೆಗಳಿವೆ, ಆದ್ದರಿಂದ ನಮ್ಮ ಕಡೆ ಆ ಕಥೆಗೆ ಒಂದು ಕಾರಣವಾದರೂ ಇದೆ. ಇಂಗ್ಲೆಂಡಿನ ಚಳಿಗೆ ಮೊಸಳೆ ಒಂದು ವರ್ಷವೂ ಬದುಕದು. ಅಲ್ಲಿನ ಕಂದಕಗಳಲ್ಲಿ ಸಾಮಾನ್ಯವಾಗಿ ಇರುತ್ತಿದ್ದದ್ದು ಹಾವುಮೀನು, ಪೈಕ್ ಮೀನು, ಮತ್ತು ಕ್ಷಮಿಸು, ಕಕ್ಕಸಿನಿಂದ ಇಳಿದು ಬಂದದ್ದು. ಕಂದಕ ಇದ್ದದ್ದು ಶತ್ರುಗಳನ್ನು ಮುಳುಗಿಸಲು ಅಲ್ಲ. ಬಾಗಿಲು ಒಡೆಯುವ ದಿಮ್ಮಿಯನ್ನೂ ಚಕ್ರದ ಮೇಲಿನ ಮರದ ಗೋಪುರವನ್ನೂ ಗೋಡೆಯ ಹತ್ತಿರ ತರದಂತೆ ತಡೆಯುವುದು, ಗೋಡೆಯ ಬುಡಕ್ಕೆ ಸುರಂಗ ತೋಡಿದರೆ ಅದರೊಳಗೆ ನೀರು ನುಗ್ಗುವಂತೆ ಮಾಡುವುದು ಅದರ ಕೆಲಸ. ಒಣ ಕಂದಕವೂ ಇದರಲ್ಲಿ ಬಹುಪಾಲನ್ನು ಮಾಡುತ್ತದೆ. ನೀವು ಈಗ ನೋಡಿದ್ದು ಒಣ ತಗ್ಗು. ನಾಲ್ಕು ಶತಮಾನ ದಂಡೆಯ ಮಣ್ಣು ಜಾರಿ ಅದರ ತಳ ಮೇಲೇರಿದೆ. ನೀರನ್ನು ಹಿಡಿದಿಡುವವರೂ, ಹೂಳೆತ್ತುವವರೂ ಇಲ್ಲ. ಕೆರೆಯ ಹೂಳೆತ್ತದೆ ಬಿಟ್ಟರೆ ಏನಾಗುತ್ತದೆಂದು ನಮ್ಮ ಊರುಗಳಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಮಾದರಿಗೆ ಮೊದಲು ಒಂದು ಕಾಲವನ್ನು ಆರಿಸಿಕೊಳ್ಳಿ. 1100ರ ಕೋಟೆ ಮಾಡಿದರೆ ಸುಲಭ. ಮಣ್ಣಿನ ದಿಬ್ಬ, ಮರದ ಬೇಲಿ, ಮರದ ಗೋಪುರ ಸಾಕು, ತಪ್ಪಾಗುವುದೂ ಕಡಿಮೆ. ಆದರೆ ಮೇರಿಯ ಕಥೆ ಅದಕ್ಕೆ ಕೂರುವುದಿಲ್ಲ, ಅದು ಮಗಳಿಗೆ ಹಿಡಿಸಲಿಕ್ಕಿಲ್ಲ. 1587ರ ಕೋಟೆ ಮಾಡಿದರೆ ಕಥೆ ಸಿಗುತ್ತದೆ, ಆದರೆ ಕೋಣೆಗಳ ಅಳತೆಯನ್ನು ನೀವೇ ಊಹಿಸಬೇಕಾಗುತ್ತದೆ. ನನ್ನ ಅನುಭವದಲ್ಲಿ ದೊಡ್ಡ ದೊಡ್ಡ ವಸ್ತುಸಂಗ್ರಹಾಲಯಗಳ ಮಾದರಿಗಳೂ ಇಲ್ಲೇ ಎಡವುತ್ತವೆ. ಊಹೆಯ ಭಾಗಕ್ಕೂ ಸಾಕ್ಷ್ಯದ ಭಾಗಕ್ಕೂ ಒಂದೇ ಬಣ್ಣ ಬಳಿದುಬಿಡುತ್ತಾರೆ. ನೀವು ದಿಬ್ಬ, ಕಂದಕ, ನದಿಯನ್ನು ಬಣ್ಣದಲ್ಲಿ ಮಾಡಿ, ಕಟ್ಟಡಗಳನ್ನು ಬಿಳಿ ರಟ್ಟಿನಲ್ಲಿ ಬಿಡಿ. ನೋಡಿದವರು ಕಾರಣ ಕೇಳುತ್ತಾರೆ, ಮಗಳು ಹೇಳಬಹುದು.

ಅಳತೆಯಲ್ಲಿ ಒಂದು ಸಂಕಟವಿದೆ. 10 ಎಕರೆ ಎಂದರೆ ಸುಮಾರು 200 ಮೀಟರ್ ಉದ್ದ, 200 ಮೀಟರ್ ಅಗಲ. ಐನೂರಕ್ಕೆ ಒಂದರಂತೆ ಮಾಡಿದರೆ 40 ಸೆಂಟಿಮೀಟರ್ ಚೌಕದ ಹಲಗೆಯಲ್ಲಿ ಕೂರುತ್ತದೆ. ಆದರೆ 7 ಮೀಟರಿನ ದಿಬ್ಬ ಆಗ ಒಂದೂವರೆ ಸೆಂಟಿಮೀಟರೂ ಇರುವುದಿಲ್ಲ, ಇಡ್ಲಿಗಿಂತ ತೆಳ್ಳಗೆ ಕಾಣುತ್ತದೆ! ಎತ್ತರವನ್ನು ಎರಡು ಪಟ್ಟು ಮಾಡಿ, ಹಾಗೆ ಮಾಡಿದ್ದೇವೆಂದು ಹಲಗೆಯ ಮೇಲೆ ಬರೆಯಿರಿ. ದುಂಡು ಬುರುಜುಗಳನ್ನು ತೆಗೆಯಿರಿ. ಹಜಾರವನ್ನು ದಿಬ್ಬದಿಂದ ಒಳ ಅಂಗಳಕ್ಕೆ ಇಳಿಸಿ. ಮೇರಿ ಸತ್ತದ್ದು ಗೋಪುರದ ಕತ್ತಲೆ ಕೋಣೆಯಲ್ಲಲ್ಲ, ಆ ಹಜಾರದಲ್ಲಿ, ಕಪ್ಪು ಬಟ್ಟೆ ಹೊದಿಸಿದ ತಗ್ಗಿನ ಜಗಲಿಯ ಮೇಲೆ, ನೂರಾರು ಜನರ ಮುಂದೆ.

ಇಂಗ್ಲೆಂಡಿನ ಬಹುಪಾಲು ನೆಲವನ್ನು ವಿಮಾನದಿಂದ ಲೇಸರ್ ಕಿರಣ ಹಾಯಿಸಿ ಅಳೆದ ಲೈಡಾರ್ ನಕ್ಷೆಗಳು ಅಲ್ಲಿನ ಸರ್ಕಾರದ ಪರಿಸರ ಇಲಾಖೆಯಿಂದ ಉಚಿತವಾಗಿ ಸಿಗುತ್ತವೆ. ಹುಲ್ಲು, ಮರಗಳನ್ನು ಕಳೆದು ಬರೀ ನೆಲವನ್ನು ತೋರಿಸುತ್ತವೆ. ಒಂದು ಎಚ್ಚರಿಕೆ: ನೇಗಿಲ ಸಾಲು, ಹಳೆಯ ಕಾಲುದಾರಿ, ಚರಂಡಿಯ ಗೆರೆ ಎಲ್ಲವೂ ಅದರಲ್ಲಿ ಕೋಟೆಯಂತೆಯೇ ಕಾಣುತ್ತವೆ. ಕಸುಬು ಕಲಿಯುತ್ತಿದ್ದ ದಿನಗಳಲ್ಲಿ ನಾನೇ ಒಂದು ಕಡೆ ನೀರಿನ ಕೊಳವೆ ಹೂಳಿದ ಗೆರೆಯನ್ನು ಹೊರ ಕಂದಕವೆಂದು ಉತ್ಸಾಹದಿಂದ ಗುರುತು ಹಾಕಿದ್ದೆ. ಹೊಲದ ರೈತ ನೋಡಿ ನಕ್ಕ.

ಪತಿಯವರ ಲೋಹಶೋಧಕವನ್ನು ಮನೆಯಲ್ಲೇ ಇಡಿ. ಸಲಹೆಯಷ್ಟೇ ಎಂದುಕೊಳ್ಳಬೇಡಿ, ಕಾನೂನು ಕೂಡ ಅದನ್ನೇ ಹೇಳುತ್ತದೆ. ಫಾದರಿಂಗ್‌ಹೇ ಸಂರಕ್ಷಿತ ಸ್ಮಾರಕ. ಅಂಥ ಜಾಗದಲ್ಲಿ ಹಿಸ್ಟಾರಿಕ್ ಇಂಗ್ಲೆಂಡ್ ಸಂಸ್ಥೆಯ ಲಿಖಿತ ಒಪ್ಪಿಗೆಯಿಲ್ಲದೆ ಲೋಹಶೋಧಕ ಬಳಸುವುದು 1979ರ ಸ್ಮಾರಕ ಕಾಯ್ದೆಯ 42ನೆಯ ವಿಧಿಯಂತೆ ಅಪರಾಧ. ಜಮೀನಿನ ಯಜಮಾನ ಹ್ಞೂಂ ಎಂದರೂ ಸಾಲದು. ಅಗೆಯದೆ ಬರೀ ಬಳಸಿದರೂ ತಪ್ಪೇ. ವೀಸಾ ಮೇಲೆ ಇರುವವರು ಇಂಥದ್ದರಲ್ಲಿ ಸಿಕ್ಕಿಹಾಕಿಕೊಳ್ಳಬಾರದು. ಹವ್ಯಾಸ ಬಿಡಬೇಕಿಲ್ಲ. ಸಂರಕ್ಷಿತವಲ್ಲದ ಹೊಲದಲ್ಲಿ, ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆದು ಹುಡುಕಬಹುದು. ಸಿಕ್ಕಿದ್ದನ್ನು ಪೋರ್ಟಬಲ್ ಆ್ಯಂಟಿಕ್ವಿಟೀಸ್ ಸ್ಕೀಮ್ ಎಂಬ ಯೋಜನೆಯ ಸ್ಥಳೀಯ ಅಧಿಕಾರಿಗೆ ತೋರಿಸಿ. ಚಿನ್ನ, ಬೆಳ್ಳಿಯಂಥ ನಿಧಿ ಸಿಕ್ಕಿದರೆ 1996ರ ಕಾಯ್ದೆಯಂತೆ 14 ದಿನಗಳೊಳಗೆ ತಿಳಿಸಬೇಕು. ಕಾನೂನು ಒತ್ತಟ್ಟಿಗಿರಲಿ, ಅಲ್ಲಿ ಅಗೆದ ಒಂದೊಂದು ಗುಂಡಿಯೂ ನಾವು ಓದಬೇಕಾದ ಪುಟವನ್ನು ಹರಿಯುತ್ತದೆ. ಮೊಳೆಯೊಂದು ಸಿಕ್ಕಿದ್ದು ಹಜಾರದ ಕುಸಿದ ಮಾಳಿಗೆಯ ಪದರದಲ್ಲೋ, ಆಮೇಲೆ ಬಂದ ಕುರಿಹಟ್ಟಿಯ ಪದರದಲ್ಲೋ ಎಂದು ತಿಳಿದರೆ ಅದು ಸಾಕ್ಷಿ. ಜೇಬಿನಲ್ಲಿ ಬಂದರೆ ಬರೀ ತುಕ್ಕು.

ತಂದೆಯವರು ಇನ್ನೂ ಅಲ್ಲೇ ಇದ್ದರೆ ಇನ್ನೊಮ್ಮೆ ಕರೆದುಕೊಂಡು ಹೋಗಿ. ಬೇಸಿಗೆಯಲ್ಲಿ ಬೇಡ, ಹುಲ್ಲು ಎಲ್ಲವನ್ನೂ ಮುಚ್ಚುತ್ತದೆ. ಚಳಿಗಾಲದ ಬಿಸಿಲಿನ ದಿನ, ಮಧ್ಯಾಹ್ನ ಎರಡೂವರೆ, ಮೂರು ಗಂಟೆಗೆ, ಸೂರ್ಯ ತಗ್ಗಿರುವಾಗ ಹೋಗಿ. ನೆರಳು ಬಿದ್ದು ಕಂದಕದ ಅಂಚುಗಳೆಲ್ಲ ಎದ್ದು ಕಾಣುತ್ತವೆ. ದಿಬ್ಬದ ಮೇಲೆ ನಿಂತು ದಕ್ಷಿಣಕ್ಕೆ ನೋಡಿದರೆ ಕಾಲಬುಡದಲ್ಲಿ ಒಳ ಅಂಗಳ, ಅದರಾಚೆ ನದಿ, ನದಿಯ ದಡದಲ್ಲಿ ಬೇಲಿಯೊಳಗಿನ ಆ ಗಡ್ಡೆ. ಅದು ಗೋಡೆಯ ಹೊಟ್ಟೆಯೊಳಗಿನ ಗಾರೆ, ಚೂರುಕಲ್ಲು. ಮೈಮೇಲಿನ ಕೆತ್ತಿದ ಕಲ್ಲನ್ನು ಒಯ್ದವರು ಇದರಿಂದ ಏನೂ ಗಿಟ್ಟದೆಂದು ಬಿಟ್ಟುಹೋದದ್ದು. ಮೇಷ್ಟರಿಗೆ ಒಂದು ಊರುಗೋಲು ಕೊಟ್ಟು ಹತ್ತಿಸಿ, ಮಳೆ ಬಂದ ಮಾರನೆಯ ದಿನ ಆ ಇಳಿಜಾರು ಬಹಳ ಜಾರುತ್ತದೆ.